ಹಾಲು ಇಳಿಯುವ ಮೊದಲೇ ದನದ ಕಷ್ಟ ತಿಳಿಯುವುದು ಹೇಗೆ

ಮಧ್ಯಾಹ್ನ 2 ಗಂಟೆ. ಊಟ ಮುಗಿಸಿ ಮನೆಯವರೆಲ್ಲ ಸ್ವಲ್ಪ ಅಡ್ಡಾಗುವ ಹೊತ್ತು. ಆಗ ಒಂದು ಮಣೆ ಹಿಡಿದುಕೊಂಡು ಹಟ್ಟಿಗೆ ಹೋಗಿ. ಜೊತೆಗೆ ಮೊಬೈಲು ಇರಲಿ, ಸೆಕೆಂಡು ನೋಡಲು. ದನದ ಬದಿಯಲ್ಲಿ ಎರಡು ಮಾರು ದೂರ ಕೂತುಕೊಳ್ಳಿ. ಮಾತಾಡಿಸಬೇಡಿ, ಮೇವು ಹಾಕಬೇಡಿ. ಪಕ್ಕೆಲುಬು ಮುಗಿಯುವಲ್ಲಿ, ಸೊಂಟದ ಎಲುಬಿನ ಮುಂದೆ ಒಂದು ಗುಳಿ ಇದೆಯಲ್ಲ, ಅದನ್ನೇ ನೋಡಿ. ಅದು ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ಸಿಕ್ಕಿದ್ದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ದನಕ್ಕೆ ಸೆಕೆ ಎಷ್ಟು ತಾಗಿದೆ ಅಂತ ಹೇಳುವುದು ಈ ಲೆಕ್ಕವೇ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಎಣ್ಮಕಜೆ ಪಂಚಾಯತು. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆ, ನಡುವೆ ಮನೆ. ಮದುವೆಯಾಗಿ ಬಂದು 29 ವರ್ಷ ಆಯಿತು, ಅಂದಿನಿಂದ ಹಟ್ಟಿಯ ಕೆಲಸ ನನ್ನದೇ. ಈಗ ಮೂರು ದನ ಇವೆ. ಗೌರಿ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಷಿಯನ್) ಮಿಶ್ರ ತಳಿ, ಕಪಿಲೆ ಜರ್ಸಿ ಮಿಶ್ರ, ಚಿಕ್ಕಿ ನಮ್ಮ ನಾಡತಳಿ ಕಾಸರಗೋಡು ಗಿಡ್ಡ. ಮಗಳು ವಯನಾಡಿನ ಪೂಕೋಡಿನಲ್ಲಿ ಪಶುವೈದ್ಯ ಓದುತ್ತಿದ್ದಾಳೆ. ಇಲ್ಲಿ ಬರೆದದ್ದರಲ್ಲಿ ಅರ್ಧ ಅತ್ತೆ ಕಲಿಸಿದ್ದು, ಅರ್ಧ ಮಗಳು ಫೋನಿನಲ್ಲಿ ವಿವರಿಸಿದ್ದು. ಒಂದೆರಡು ಪಾಠ ಮಾತ್ರ ನಾನೇ ನಷ್ಟ ಮಾಡಿಕೊಂಡು ಕಲಿತೆ.

ಮೊನ್ನೆ ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ನನ್ನ ಕ್ಯಾಲೆಂಡರಿನಲ್ಲಿ ಹೀಗಿದೆ: ಗೌರಿ 84, ಕಪಿಲೆ 62, ಚಿಕ್ಕಿ 30. ಒಂದೇ ಹಟ್ಟಿ, ಒಂದೇ ಹೊತ್ತು, ಒಂದೇ ನೀರು. ನಿಮಿಷಕ್ಕೆ 40ರ ಒಳಗಿದ್ದರೆ ದನ ಆರಾಮವಾಗಿದೆ. 60 ದಾಟಿದರೆ ಸೆಕೆ ಅದನ್ನು ಹಿಡಿದಿದೆ. 80 ದಾಟಿದರೆ ಸಂಜೆಯವರೆಗೆ ಕಾಯಬೇಡಿ, ಈಗಲೇ ತಂಪು ಮಾಡಬೇಕು. ಬಾಯಿ ತೆರೆದು, ನಾಲಿಗೆ ಹೊರಗೆ ಚಾಚಿ, ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿದ್ದರೆ ಅದು ತುರ್ತು. ತಲೆಗೆ, ಬೆನ್ನಿಗೆ, ಕಾಲಿಗೆ ನೀರು ಹೊಯ್ಯಿರಿ, ಗಾಳಿ ಹಾಕಿ, ಡಾಕ್ಟರಿಗೆ ಫೋನು ಮಾಡಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ. ಏದುಸಿರಿನ ದನಕ್ಕೆ ನೀರು ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ.

ಸೊಸೈಟಿಯಲ್ಲಿ ಹಾಲು ಅಳೆದು ಚೀಟಿ ಕೊಡುವಾಗ ನಮಗೆ ಗೊತ್ತಾಗುತ್ತದಲ್ಲ, "ಒಂದೂವರೆ ಲೀಟರು ಕಡಿಮೆ ಆಯ್ತಲ್ಲ" ಅಂತ, ಅದು ಹಳೆಯ ಸುದ್ದಿ. ಸೆಕೆ ತಾಗಿದ ದಿನಕ್ಕಿಂತ ಸುಮಾರು ಎರಡು ದಿನ ಕಳೆದ ಮೇಲೆ ಹಾಲು ಸರಿಯಾಗಿ ಇಳಿಯುತ್ತದೆ. ಉಸಿರು ಆದರೆ ಅದೇ ಗಂಟೆಯಲ್ಲಿ ಹೇಳುತ್ತದೆ. ಆದ್ದರಿಂದ ಅಳತೆ ಪಾತ್ರೆ ನೋಡಿ ಚಿಂತೆ ಮಾಡುವುದಕ್ಕಿಂತ ಹೊಟ್ಟೆಯ ಬದಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ನಮ್ಮೂರ ಸೆಕೆ ಯಾಕೆ ಜಾಸ್ತಿ ತೊಂದರೆ

ಬಯಲುಸೀಮೆಯ ನೆಂಟರು ಹೇಳುವುದುಂಟು, "ನಮ್ಮಲ್ಲಿ 40 ಡಿಗ್ರಿ, ನಿಮ್ಮಲ್ಲಿ 33 ಅಷ್ಟೇ, ಅದಕ್ಕೇ ಇಷ್ಟು ಗೋಳಾ?" ಅಂತ. ಥರ್ಮಾಮೀಟರು ಮಾತ್ರ ನೋಡಿದರೆ ಅವರು ಹೇಳುವುದು ಸರಿ. ಆದರೆ ದನಕ್ಕೆ ತಾಗುವುದು ಬಿಸಿಲು ಮಾತ್ರ ಅಲ್ಲ. ಗಾಳಿಯಲ್ಲಿ ನೀರಿನಂಶ ತುಂಬಿದ್ದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೊದಲೇ ದನಕ್ಕೆ ನಮ್ಮಷ್ಟು ಬೆವರುವ ಶಕ್ತಿ ಇಲ್ಲ. ಹಾಗಾಗಿ ಉಸಿರಿನಲ್ಲೇ ಬಿಸಿಯನ್ನು ಹೊರಗೆ ಹಾಕಲು ನೋಡುತ್ತದೆ.

ಬಿಸಿ ಮತ್ತು ತೇವ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಒಂದು ಸೂಚ್ಯಂಕ ಇದೆ. ಅದು 72 ದಾಟಿದರೆ ಹಾಲು ಕೊಡುವ ದನಕ್ಕೆ ಕಷ್ಟ ಶುರು. ಜಾಸ್ತಿ ಹಾಲಿನ ದನಕ್ಕೆ 68ಕ್ಕೇ ಶುರುವಾಗುತ್ತದೆ. ಮಗಳು ನಮ್ಮ ಮನೆಯದ್ದನ್ನು ಲೆಕ್ಕ ಹಾಕಿದಳು. 33 ಡಿಗ್ರಿ, ತೇವ 70 ಶೇಕಡ ಇದ್ದರೆ ಸೂಚ್ಯಂಕ 86ರ ಹತ್ತಿರ. ನನಗೆ ಆಶ್ಚರ್ಯ ಆದದ್ದು ಅದಲ್ಲ. ಬೆಳಗಿನ ಜಾವ 25 ಡಿಗ್ರಿ, ತೇವ 90 ಇದ್ದಾಗಲೂ ಅದು 76. ಅಂದರೆ ನಮಗೆ ತಂಪು ಅನಿಸುವ ಹೊತ್ತಿನಲ್ಲೂ ಗೌರಿ ಗೆರೆಯ ಮೇಲೆಯೇ ಇದ್ದಾಳೆ. ಏಪ್ರಿಲ್, ಮೇ ತಿಂಗಳಲ್ಲಿ ಅವಳಿಗೆ ಪೂರ್ತಿ ವಿಶ್ರಾಂತಿಯ ಗಂಟೆಯೇ ಇಲ್ಲ.

ಚಿಕ್ಕಿ ತಡೆದುಕೊಳ್ಳುವುದಕ್ಕೂ ಕಾರಣ ಇದೆ. ಮೈ ಸಣ್ಣದು, ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಕೂದಲು ಗಿಡ್ಡ ಮತ್ತು ನುಣುಪು. ನಮ್ಮ ನಾಡದನಗಳು ಬೆವರುವುದೂ ಉತ್ತಮ. ಅವಳು ಕೊಡುವುದು ಒಂದೂವರೆ ಲೀಟರು ಹಾಲು. ಹಾಲು ಮಾಡುವುದೂ ಮೇವು ಅರಗಿಸುವುದೂ ಮೈಯೊಳಗೆ ಒಲೆ ಉರಿದ ಹಾಗೆ. ಗೌರಿಯ ಒಲೆ ದೊಡ್ಡದು, ಚಿಕ್ಕಿಯದು ಸಣ್ಣದು.

ಮೈಯೊಳಗೆ ಏನಾಗುತ್ತದೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಯಾವ ಕೆಲಸ ಯಾಕೆ ಮಾಡುತ್ತೇವೆ ಅಂತ ಗೊತ್ತಾಗುತ್ತದೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ಕಂಡ. ಇಲಿಗೆ ಚಳಿ ಕೊಟ್ಟರೂ, ಗಾಯ ಮಾಡಿದರೂ, ಸುಸ್ತಾಗುವಷ್ಟು ಓಡಿಸಿದರೂ, ಒಳಗೆ ಆಗುವುದು ಹೆಚ್ಚುಕಡಿಮೆ ಒಂದೇ. ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ದೊಡ್ಡದಾಗುತ್ತದೆ, ರೋಗ ತಡೆಯುವ ಕಣಗಳು ಬೆಳೆಯುವ ಥೈಮಸ್ ಕುಗ್ಗುತ್ತದೆ, ಹೊಟ್ಟೆಯಲ್ಲಿ ಹುಣ್ಣು ಬರುತ್ತದೆ. ಮೊದಲು ಗಾಬರಿ, ಆಮೇಲೆ ತಡೆದು ನಿಲ್ಲುವುದು, ಕೊನೆಗೆ ಸೋಲುವುದು, ಹೀಗೆ ಮೂರು ಹಂತ ಅಂತ ಅವನು ಹೇಳಿದ. ಮಗಳು ಇದನ್ನು ಹೇಳುವಾಗ ನನಗೆ ಎದುರಿಗೆ ಕಂಡದ್ದು ಗೌರಿಯೇ. ಮಾರ್ಚಿನಲ್ಲಿ ಗಾಬರಿ, ಏಪ್ರಿಲಿನಲ್ಲಿ ತಡೆದುಕೊಳ್ಳುತ್ತಾಳೆ, ಮೇ ತಿಂಗಳಲ್ಲಿ ಸೋಲುತ್ತಾಳೆ.

ಸೆಕೆ ತಾಗಿದ ಕೂಡಲೇ ಮೆದುಳು ಅಪಾಯದ ಸುದ್ದಿ ಕಳಿಸುತ್ತದೆ. ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುತ್ತದೆ. ಒಂದೆರಡು ಗಂಟೆಗೆ ಇದು ಒಳ್ಳೆಯದೇ, ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ದಿನಗಟ್ಟಲೆ ಇದ್ದರೆ ರೋಗ ತಡೆಯುವ ಬಿಳಿ ರಕ್ತಕಣಗಳ ಕೆಲಸ ಮಂಕಾಗುತ್ತದೆ. ಇನ್ನೊಂದು ಕಡೆ, ಬಿಸಿ ಹೊರಗೆ ಹಾಕಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ. ಆಗ ಕರುಳಿಗೆ ರಕ್ತ ಕಡಿಮೆ. ದನ ಮೇವು ತಿನ್ನುವುದನ್ನೂ ಕಡಿಮೆ ಮಾಡುತ್ತದೆ, ಯಾಕೆಂದರೆ ತಿಂದರೆ ಇನ್ನೂ ಬಿಸಿ. ಸುಮ್ನೆ ಹಟ ಅಲ್ಲ ಅದು. ತಿಂದ ಸ್ವಲ್ಪದರಲ್ಲೂ ಸಕ್ಕರೆಯನ್ನು ಮೈ ತನಗೇ ಉಪಯೋಗಿಸುತ್ತದೆ. ಕೆಚ್ಚಲಿಗೆ ಸಕ್ಕರೆ ಸಿಗದಿದ್ದರೆ ಹಾಲಿನ ಸಿಹಿಯಂಶ ತಯಾರಾಗುವುದಿಲ್ಲ. ಹಾಲಿಗೆ ನೀರು ಎಳೆದು ತರುವುದು ಆ ಸಿಹಿಯಂಶವೇ. ಅದು ಕಡಿಮೆಯಾದರೆ ಹಾಲೇ ಕಡಿಮೆ. ಮೇವು ಕಡಿಮೆಯಾದದ್ದರಿಂದ ಹೋಗುವ ಹಾಲು ಒಟ್ಟು ನಷ್ಟದಲ್ಲಿ ಸುಮಾರು ಅರ್ಧ ಮಾತ್ರ, ಉಳಿದದ್ದು ಹೀಗೆ ಒಳಗಿನ ಬದಲಾವಣೆಯಿಂದ. ಹಾಗಾಗಿ "ಚೆನ್ನಾಗಿ ಹಿಂಡಿ ಹಾಕಿದರೆ ಸರಿಯಾಗುತ್ತದೆ" ಅನ್ನುವ ಮಾತು ಸೆಕೆಗಾಲಕ್ಕೆ ಹೊಂದುವುದಿಲ್ಲ. ಮೊದಲು ತಂಪು, ಆಮೇಲೆ ಹಿಂಡಿ.

ತೋಟದಲ್ಲೂ ಇದೇ ನೋಡುತ್ತೇವೆ ಅಲ್ವಾ? ನೀರು ಸಾಲದಿದ್ದರೆ ಅಡಿಕೆ ಮರ ನಳ್ಳಿ (ಎಳೆಗಾಯಿ) ಉದುರಿಸುತ್ತದೆ. ತಾನು ಉಳಿಯಬೇಕು, ಕಾಯಿ ಆಮೇಲೆ. ದನವೂ ಮೊದಲು ಕೈಬಿಡುವುದು ಹಾಲು, ಬೆದೆ, ಗಬ್ಬ. ನಮಗೆ ಬೇಕಾದದ್ದೆಲ್ಲ ಅದರ ಪಾಲಿಗೆ ಕೊನೆಯ ಖರ್ಚು.

ಮೆಲುಕು

ನಮ್ಮ ಅತ್ತೆ ಕಣ್ಣು ಮಂಜಾದ ಮೇಲೂ ದಿನಾ ಸಂಜೆ ಜಗಲಿಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಮೆಲುಕು ಹಾಕಿತಾ?" ಹಾಲು ಎಷ್ಟು ಅಂತ ಕೇಳಿದ್ದು ನನಗೆ ನೆನಪಿಲ್ಲ.

ಆರೋಗ್ಯದ ದನ ದಿನಕ್ಕೆ 7ರಿಂದ 9 ಗಂಟೆ ಮೆಲುಕು ಹಾಕುತ್ತದೆ. ಮಲಗಿರುವಾಗ ಗಂಟಲಿನ ಕಡೆ ನೋಡಿ. ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಜಾರಿ ಬರುವುದು ಚರ್ಮದ ಹೊರಗೇ ಕಾಣುತ್ತದೆ. ಅದು ಬಂದದ್ದರಿಂದ ನುಂಗುವವರೆಗೆ ಎಷ್ಟು ಸಲ ಅಗಿಯುತ್ತದೆ ಎಣಿಸಿ. 50ಕ್ಕಿಂತ ಮೇಲಿದ್ದರೆ ಒಳ್ಳೆಯದು. ಗೌರಿ ಚಳಿಗಾಲದಲ್ಲಿ 60ರ ಆಸುಪಾಸು ಅಗಿಯುತ್ತಾಳೆ. ಸೆಕೆ ಏರಿದ ದಿನ 40ಕ್ಕೇ ನುಂಗುತ್ತಾಳೆ, ಒಂದೊಂದು ಸಲ ಅರ್ಧದಲ್ಲೇ ನಿಲ್ಲಿಸಿ ಏದುಸಿರು ಬಿಡುತ್ತಾಳೆ.

ಮೆಲುಕು ಕಡಿಮೆಯಾದರೆ ಜೊಲ್ಲು ಒಳಗೆ ಹೋಗುವುದಿಲ್ಲ. ದನದ ಜೊಲ್ಲಿನಲ್ಲಿ ಸೋಡದ ಅಂಶ ಇದೆ, ಅದು ಹೊಟ್ಟೆಯ ಹುಳಿಯನ್ನು ಹದದಲ್ಲಿ ಇಡುತ್ತದೆ. ಸೆಕೆಯಲ್ಲಿ ಜೊಲ್ಲು ನೆಲಕ್ಕೆ ಸುರಿಯುತ್ತದೆ, ಏದುಸಿರಿನಿಂದ ರಕ್ತದಲ್ಲಿನ ಸೋಡವೂ ಖರ್ಚಾಗುತ್ತದೆ. ಹೊಟ್ಟೆ ಹುಳಿಯಾಗಿ ಸೆಗಣಿ ತೆಳ್ಳಗಾಗುತ್ತದೆ, ಹಾಲಿನ ಫ್ಯಾಟು ಇಳಿಯುತ್ತದೆ. ಡಾಕ್ಟರ ಹತ್ತಿರ ಕೇಳಿಕೊಂಡು ನಾನು ಬೇಸಿಗೆಯಲ್ಲಿ ಗೌರಿಯ ಹಿಂಡಿಗೆ ದಿನಕ್ಕೆ 50 ಗ್ರಾಂ ಅಡುಗೆ ಸೋಡ ಎರಡು ಪಾಲು ಮಾಡಿ ಬೆರೆಸುತ್ತೇನೆ, ಜೊತೆಗೆ ಒಂದು ಮುಷ್ಟಿ ಉಪ್ಪು. ಕರು ಹಾಕುವ ಮೊದಲಿನ ಕೊನೆಯ ಮೂರು ವಾರ ದನಕ್ಕೆ ಸೋಡ ಕೊಡಬೇಡಿ. ಕರು ಹಾಕಿದ ಮೇಲೆ ಸುಣ್ಣದ ಅಂಶ ಇಳಿದು ಬರುವ ಹಾಲುಜ್ವರಕ್ಕೆ ಅದು ದಾರಿ ಮಾಡಿಕೊಡಬಹುದು.

ತಂಪು ಮಾಡುವುದು

ನೀರಿನಿಂದ ಶುರು ಮಾಡಿ. ಹಿಂದೆ ನಾನು ದಿನಕ್ಕೆ ಮೂರು ಸಲ ಬಾಲ್ದಿಯಲ್ಲಿ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇಡುತ್ತಿದ್ದೆ. ಕುಡಿದು ಮುಗಿಸಿದರೆ ಸಾಕಾಯಿತು ಅಂತ ತಿಳಿದಿದ್ದೆ. ಅದು ತಪ್ಪು. ಒಂದು ಲೀಟರು ಹಾಲಿಗೆ ಮೂರು ನಾಲ್ಕು ಲೀಟರು ನೀರು ಬೇಕು, ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ. ಗೌರಿ ಈಗ ದಿನಕ್ಕೆ 80 ಲೀಟರು ದಾಟಿಸುತ್ತಾಳೆ. ಮೂರು ವರ್ಷದ ಹಿಂದೆ ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿಸಿ ಹಗಲು ರಾತ್ರಿ ಬರೀ ನೀರು ಇರುವ ಹಾಗೆ ಮಾಡಿದೆವು. ಬೇರೇನೂ ಬದಲಾಯಿಸದೆ ವಾರದೊಳಗೆ ಒಂದು ಲೀಟರು ಹಾಲು ಏರಿತು.

ನಮ್ಮ ನೀರು ಸುರಂಗದ್ದು. ಅಜ್ಜನ ಕಾಲದಲ್ಲಿ ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದದ್ದು. ಏಪ್ರಿಲಿನಲ್ಲಿ ಕಿರುಬೆರಳಿನಷ್ಟು ದಪ್ಪಕ್ಕೆ ಬರುತ್ತದೆ, ಆದರೂ ತಣ್ಣಗಿರುತ್ತದೆ. ಮೊದಲು ಅದು ಬಿಸಿಲಲ್ಲಿ ಬಿದ್ದಿದ್ದ ಕಪ್ಪು ಪೈಪಿನಲ್ಲಿ ಹಟ್ಟಿಗೆ ಬರುತ್ತಿತ್ತು. ಒಂದು ದಿನ ಕೈ ಹಿಡಿದು ನೋಡಿದೆ, ಸ್ನಾನದ ನೀರಿನಷ್ಟು ಬಿಸಿ! ಆ ಪೈಪನ್ನು ಮಣ್ಣಿನಡಿ ಹಾಕಿಸಿದೆವು. ನಿಮ್ಮ ಹಟ್ಟಿಯ ನೀರಿಗೆ ಮಧ್ಯಾಹ್ನ ಒಮ್ಮೆ ಕೈ ಅದ್ದಿ ನೋಡಿ.

ಮಾಡು ಎರಡನೆಯದು. ಹಂಚು ತೆಗೆದು ಶೀಟು ಹಾಕಿದವರು ನಮ್ಮ ಹಾಗೆ ತುಂಬಾ ಜನ ಇದ್ದಾರೆ. ಮಧ್ಯಾಹ್ನ ಶೀಟಿನ ಅಡಿಗೆ ಅಂಗೈ ಹಿಡಿಯಿರಿ, ಮುಟ್ಟುವುದು ಬೇಡ, ಅಷ್ಟು ಸಾಕು. ಆ ಕಾವು ನೇರ ದನದ ಬೆನ್ನಿಗೆ. ನಾವು ಫೆಬ್ರವರಿ ಕೊನೆಗೆ ಶೀಟಿನ ಮೇಲೆ ಸೋಗೆ, ಮಡಲು ಎರಡು ಪದರ ಹಾಸಿ ಹಗ್ಗದಿಂದ ಬಿಗಿಯುತ್ತೇವೆ. ಮಳೆಗೆ ಮೊದಲು ತೆಗೆಯುತ್ತೇವೆ. ಖರ್ಚು ಒಂದು ಆಳಿನ ಅರ್ಧ ದಿನ.

ಮೈಗೆ ನೀರು ಹಾಕುವುದರಲ್ಲಿ ತಪ್ಪು ಮಾಡುವವರು ಜಾಸ್ತಿ. ಹಬೆಯ ಹಾಗೆ ಸಣ್ಣ ಹನಿ ಚಿಮ್ಮಿಸಿದರೆ ಅದು ಕೂದಲ ತುದಿಯಲ್ಲೇ ಕೂರುತ್ತದೆ, ಹಟ್ಟಿಯ ಗಾಳಿ ಇನ್ನೂ ತೇವವಾಗುತ್ತದೆ, ದನಕ್ಕೆ ಇನ್ನೂ ಉಸಿರು ಕಟ್ಟುತ್ತದೆ. ದೊಡ್ಡ ಹನಿಯಲ್ಲಿ, ಚರ್ಮ ಒದ್ದೆಯಾಗುವ ಹಾಗೆ, ಎರಡು ನಿಮಿಷ ಹೊಯ್ಯಿರಿ. ಹೆಗಲಿಂದ ಸೊಂಟದವರೆಗೆ. ನೀರು ಹರಿದು ಕೆಚ್ಚಲಿನ ಮೇಲೆ ತೊಟ್ಟಿಕ್ಕಬಾರದು, ಅದು ಮೊಲೆಯ ತುದಿಗೆ ಕೊಳೆ ಒಯ್ಯುತ್ತದೆ. ಆಮೇಲೆ ಹದಿನೈದು ನಿಮಿಷ ಫ್ಯಾನು. ಆರಿದ ಮೇಲೆ ಪುನಃ ನೀರು. ನಮ್ಮ ಊರಿನಲ್ಲಿ ಗಾಳಿ ಇಲ್ಲದ ನೀರಿಗೆ ಬೆಲೆಯೇ ಇಲ್ಲ, ಯಾಕೆಂದರೆ ತಣಿಸುವುದು ನೀರಲ್ಲ, ನೀರು ಆರುವುದು. ಗೌರಿಯ 84ನ್ನು ಈ ರೀತಿ ಮೂರು ಸಲ ಮಾಡಿ ಒಂದು ಗಂಟೆಯೊಳಗೆ 58ಕ್ಕೆ ಇಳಿಸಿದ್ದೇನೆ. ಫ್ಯಾನಿನ ವಯರು ದನದ ಬಾಯಿಗೂ ಬಾಲಕ್ಕೂ ಸಿಗದ ಎತ್ತರದಲ್ಲಿ ಇರಲಿ. ಶಾಕು ಹೊಡೆದರೆ ಕರೆಂಟು ತನ್ನಿಂದ ತಾನೇ ನಿಲ್ಲುವ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಲ್ಲುವವರು ನಾವು ಹೆಂಗಸರು.

ಮೇವಿನ ಹೊತ್ತು ಬದಲಾಯಿಸಿ. ತಿಂದ ಕೆಲವು ಗಂಟೆಗೆ ಹೊಟ್ಟೆಯ ಕಾವು ಏರುತ್ತದೆ. ಬೆಳಿಗ್ಗೆ 9ಕ್ಕೆ ಹೊಟ್ಟೆ ತುಂಬಾ ಬೈಹುಲ್ಲು ಹಾಕಿದರೆ ಆ ಕಾವು ಸರಿಯಾಗಿ ಮಧ್ಯಾಹ್ನದ ಬಿಸಿಲಿಗೆ ಸೇರುತ್ತದೆ. ನಾನು ಬೆಳಗಿನ ಜಾವ 5ಕ್ಕೆ ಹಸಿಹುಲ್ಲು, ಕೊಚ್ಚಿದ ಅಡಿಕೆ ಹಾಳೆ ಹಾಕುತ್ತೇನೆ. ಬೈಹುಲ್ಲು ರಾತ್ರಿ 8ರ ಮೇಲೆ. ಮಧ್ಯಾಹ್ನಕ್ಕೆ ಒಂದು ಹಿಡಿ ಹಸಿಹುಲ್ಲು ಮಾತ್ರ.

ಎಲ್ಲವೂ ಸೆಕೆಯಲ್ಲ

ಎರಡು ವರ್ಷದ ಹಿಂದೆ ಗೌರಿ ಫೆಬ್ರವರಿ ಕೊನೆಗೆ ಕರು ಹಾಕಿದಳು. ಏಪ್ರಿಲಿಗೆ 12 ಲೀಟರು ಕೊಡುತ್ತಿದ್ದಳು. ಒಂದು ದಿನ 10, ಮಾರನೇ ದಿನ 9, ಆಮೇಲೆ 6. ಯಾರು ಕೇಳಿದರೂ "ಸೆಕೆ ಅಲ್ವಾ" ಅಂದೆ. ನೀರು ಹೊಯ್ದೆ, ಫ್ಯಾನು ಹಾಕಿದೆ, ಕ್ಯಾಲೆಂಡರಿನಲ್ಲಿ ಉಸಿರು ಬರೆದೆ. ಐದನೇ ದಿನ ಅವಳು ಮೇವಿಗೆ ತಲೆ ಎತ್ತಲಿಲ್ಲ.

ಮೃಗಾಸ್ಪತ್ರೆಯಿಂದ ಡಾಕ್ಟ್ರು ಬಂದರು. ಅವರು ಮೊದಲು ಕೈ ಇಟ್ಟದ್ದು ಭುಜದ ಮುಂದೆ. ಅಲ್ಲಿ ಚರ್ಮದ ಅಡಿ ನಿಂಬೆಹಣ್ಣಿನಷ್ಟು ಗಂಟು. ನಾನು ದಿನಾ ಮೈ ಸವರುವವಳು, ನನ್ನ ಕೈಗೆ ಅದು ಸಿಕ್ಕಿರಲಿಲ್ಲ. ಆಮೇಲೆ ಕಣ್ಣಿನ ಕೆಳ ರೆಪ್ಪೆ ಬಿಡಿಸಿ ತೋರಿಸಿದರು. ಗುಲಾಬಿ ಇರಬೇಕಾದದ್ದು ಬಿಳಿಚಿ ಹೋಗಿತ್ತು. ಜ್ವರ 105. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿಗೆ ಹಚ್ಚಿಕೊಂಡು ಹೋದರು. ಥೈಲೇರಿಯಾ. ಉಣುಗಿನಿಂದ ಬರುವ ಜ್ವರ.

"ಇದು ಮೊದಲೇ ರಕ್ತದಲ್ಲಿ ಸುಮ್ಮನೆ ಕೂತಿದ್ದಿರಬಹುದು ಅಕ್ಕಾ" ಅಂದರು ಡಾಕ್ಟ್ರು. "ಕರು ಹಾಕಿದ ಆಯಾಸ, ಹಾಲಿನ ಭಾರ, ಮೇಲಿಂದ ಸೆಕೆ. ಕಾವಲಿಗೆ ಜನ ಕಡಿಮೆಯಾದಾಗ ಎದ್ದಿತು."

ಗೌರಿ ಉಳಿದಳು. ಆದರೆ ಆ ಸಲದ ಕರಾವಿನಲ್ಲಿ 8 ಲೀಟರಿನ ಮೇಲೆ ಹೋಗಲೇ ಇಲ್ಲ. ಐದು ದಿನ ನಾನು ಸೆಕೆ ಅಂತ ಹೇಳಿದ್ದಕ್ಕೆ ಅವಳು ತೆತ್ತದ್ದು ಅದು. ಆ ರೆಪ್ಪೆಯ ಬಣ್ಣ ಈಗಲೂ ನನ್ನ ಕಣ್ಣ ಮುಂದಿದೆ.

ಅದಕ್ಕೇ ಬೇರೆ ಮಾಡಿ ನೋಡುವ ದಾರಿ ಹೇಳುತ್ತೇನೆ. ಸೆಕೆ ಹಟ್ಟಿಯ ಎಲ್ಲ ದೊಡ್ಡ ದನಕ್ಕೂ ಒಟ್ಟಿಗೆ ತಾಗುತ್ತದೆ, ರೋಗ ಹೆಚ್ಚಾಗಿ ಒಂದನ್ನು ಹಿಡಿಯುತ್ತದೆ. ಒಂದೇ ದನದ ಹಾಲು ಇಳಿದರೆ ಸೆಕೆಯನ್ನು ನಂಬಬೇಡಿ. ಥರ್ಮಾಮೀಟರು ಕೊಂಡುಕೊಳ್ಳಿ, ಮನುಷ್ಯರ ಡಿಜಿಟಲ್ ಥರ್ಮಾಮೀಟರೇ ಸಾಕು, ದನಕ್ಕೆಂದೇ ಬೇರೆ ಇಡಿ. ಹಿಂದಕ್ಕೆ ಒಂದು ದಾರ ಕಟ್ಟಿ. ಬಾಲ ಎತ್ತಿ ಗುದದ್ವಾರದಲ್ಲಿ ಒಂದು ನಿಮಿಷ, ಸೆಗಣಿಗೆ ಅಲ್ಲ, ಒಳಗಿನ ಗೋಡೆಗೆ ತಾಗಿರಬೇಕು. ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಸೆಕೆಯ ದನಕ್ಕೂ ಸಂಜೆ 103 ತೋರಿಸಬಹುದು. ಹಾಗಾಗಿ ಬೆಳಗಿನ ಜಾವ, ಹಟ್ಟಿಯ ದೀಪ ಹಾಕಿದ ಕೂಡಲೇ ನೋಡಿ. ಸೆಕೆ ಆದರೆ ಆ ಹೊತ್ತಿಗೆ 102ರ ಹತ್ತಿರ ಇಳಿದಿರುತ್ತದೆ. ಜ್ವರ ಆದರೆ ಆಗಲೂ ಮೇಲೆಯೇ ಇರುತ್ತದೆ. ಆಮೇಲೆ ಭುಜದ ಮುಂದಿನ ಗಂಟು, ಕಣ್ಣಿನ ರೆಪ್ಪೆ, ಮೂತ್ರದ ಬಣ್ಣ. ಮೂತ್ರ ಕಾಫಿಯ ಹಾಗೆ ಕೆಂಪಗೆ ಹೋದರೆ ಅದು ಉಣುಗು ತರುವ ಇನ್ನೊಂದು ರೋಗ, ಬೆಬೀಸಿಯಾ. ಅದಕ್ಕೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಉಣುಗನ್ನು ದನದ ಮೇಲೆ ಮಾತ್ರ ಹುಡುಕಿದರೆ ಸಾಲದು. ರಕ್ತ ಕುಡಿದ ಹೆಣ್ಣು ಉಣುಗು ಕೆಳಗೆ ಬಿದ್ದು ಗೋಡೆಯ ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮ ಮುರಕಲ್ಲಿನ ಗೋಡೆ ತುಂಬಾ ತೂತು, ಅದಕ್ಕೆ ಹೇಳಿ ಮಾಡಿಸಿದ ಮನೆ. ಡಾಕ್ಟ್ರು ಹೋದ ಮೇಲೆ ಟಾರ್ಚು ಹಿಡಿದು ನೋಡಿದೆ. ಗೋದಲಿಯ ಹಿಂದಿನ ಒಂದು ತೂತಿನಲ್ಲಿ ರಾಗಿಯ ಹಾಗೆ ಕಂದು ಬಣ್ಣದ ಮೊಟ್ಟೆಯ ಗುಪ್ಪೆ. ಆ ವಾರ ಸಿಮೆಂಟಿನಿಂದ ತೂತು ಮುಚ್ಚಿಸಿ ಸುಣ್ಣ ಹೊಡೆಸಿದೆವು, ಈಗ ಪ್ರತಿ ಜನವರಿಯಲ್ಲಿ ಹೊಡೆಸುತ್ತೇವೆ. ದನದ ಮೇಲೆ ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ, ಗಂಗೆದೊಗಲಿನಲ್ಲಿ ನೋಡಿ. ಕೈಯಲ್ಲಿ ಚಿವುಟಿ ಒಡೆಯಬೇಡಿ, ಸಾಬೂನು ನೀರಿನ ಡಬ್ಬಕ್ಕೆ ಹಾಕಿ. ಔಷಧ ಯಾವುದು, ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ಹಚ್ಚಿ.

ಕೆಚ್ಚಲು ಬಾವು ಬರುವುದಕ್ಕೂ ಇದೇ ಕಾಲ. ಹೊರಗೆ ಬಾವು ಕಾಣುವ ಮೊದಲೇ ತಿಳಿಯಲು ಸುಲಭದ ಪರೀಕ್ಷೆ ಇದೆ. ಅರ್ಧ ಲೀಟರು ನೀರಿಗೆ ಆರು ಚಮಚ ಬಟ್ಟೆ ಒಗೆಯುವ ಪುಡಿ ಕದಡಿ. ನಾಲ್ಕು ಮೊಲೆಯ ಹಾಲು ನಾಲ್ಕು ಬಟ್ಟಲಿಗೆ ಸ್ವಲ್ಪ ಸ್ವಲ್ಪ, ಅಷ್ಟೇ ಸಾಬೂನು ನೀರು ಬೆರೆಸಿ ಮೆಲ್ಲ ತಿರುಗಿಸಿ. ಲೋಳೆಯ ಹಾಗೆ ಗಟ್ಟಿಯಾದ ಬಟ್ಟಲು ಯಾವುದೋ ಆ ಮೊಲೆಯಲ್ಲಿ ತೊಂದರೆ. ನಾನು 15 ದಿನಕ್ಕೊಮ್ಮೆ ಮಾಡುತ್ತೇನೆ.

ಚಿಕ್ಕಿಗೆ ಸೆಕೆ ತಾಗದಿದ್ದರೂ ಗದ್ದೆಯ ಬದಿಯ ಹುಲ್ಲು ತಾಗಿತ್ತು. ಬಸವನ ಹುಳು ಇರುವ ನೀರಿನ ಹುಲ್ಲಿನಿಂದ ಲಿವರಿನ ಹುಳ ಬರುತ್ತದೆ. ದವಡೆಯ ಅಡಿ ನೀರು ತುಂಬಿದ ಚೀಲದ ಹಾಗೆ ಇಳಿದರೆ ಸೆಗಣಿಯನ್ನು ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿ.

ಹೆದರಿದ ದನ ಹಾಲು ಬಿಡುವುದಿಲ್ಲ

ಕಳೆದ ಡಿಸೆಂಬರಿನಲ್ಲಿ ಮೇಲಿನ ಗುಡ್ಡೆಯಲ್ಲಿ ರಸ್ತೆಗೆ ಜೆಸಿಬಿ ಬಂತು. ಚಳಿಗಾಲ, ಮೇವು ಧಾರಾಳ, ರೋಗ ಇಲ್ಲ. ಬಂಡೆ ಒಡೆಯುವ ಸದ್ದು ಶುರುವಾದದ್ದು ನಾನು ಕಪಿಲೆಯ ಕೆಚ್ಚಲು ತೊಳೆಯುವಾಗ. ಕೈಯೊಳಗಿನ ಮೊಲೆ ಆಗ ತಾನೇ ತುಂಬಿ ಬಿಗಿಯಾಗುತ್ತಿತ್ತು. ಸದ್ದು ಬಂದದ್ದೇ, ನನ್ನ ಬೆರಳಿನ ನಡುವೆಯೇ ಮೆತ್ತಗಾಯಿತು. ಹಿಂಡಿದರೆ ನಾಲ್ಕು ಸೀರು, ಅಷ್ಟೇ. ಒಳಗೆ ಹಾಲು ಇದೆ, ಹೊರಗೆ ಬರುವುದಿಲ್ಲ.

ಸೊರೆ ಬಿಡುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸ. ಕೆಚ್ಚಲು ತೊಳೆದು ಸವರಿದ ಒಂದು ನಿಮಿಷದಲ್ಲಿ ಅದು ಬಂದು ಹಾಲಿನ ಗೂಡುಗಳನ್ನು ಹಿಂಡುತ್ತದೆ. ಕೆಲವೇ ನಿಮಿಷ ಇರುತ್ತದೆ, ಹಾಗಾಗಿ ಕರೆಯಲು ಕೂತ ಮೇಲೆ ಫೋನು ಎತ್ತಬಾರದು. ಹೆದರಿದಾಗ ಬರುವ ಅಡ್ರಿನಲಿನ್ ಕೆಚ್ಚಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಆಗ ಆಕ್ಸಿಟೋಸಿನ್ ಅಲ್ಲಿಗೆ ತಲುಪುವುದೇ ಇಲ್ಲ. ಹೊಡೆದರೆ, ಬೈದರೆ ಇನ್ನೂ ಬಿಗಿ. ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬನ್ನಿ, ಕರುವನ್ನು ಹತ್ತಿರ ಕಟ್ಟಿ, ಮೊದಲಿನಿಂದ ತೊಳೆಯಿರಿ. ಸೊರೆ ಬಿಡಿಸುವ ಇಂಜೆಕ್ಷನ್ನಿಗೆ ಕೈ ಹಾಕಬೇಡಿ. ನಾನು ಆ ಜೆಸಿಬಿಯ ಡ್ರೈವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಸಂಜೆ 4ರಿಂದ 5ರವರೆಗೆ ಬಂಡೆ ಮುಟ್ಟದೆ ಮಣ್ಣಿನ ಕೆಲಸ ಮಾಡಲು ಹೇಳಿದೆ. ಅವನ ಮನೆಯಲ್ಲೂ ದನ ಇತ್ತಂತೆ. ಮಾರನೇ ದಿನದಿಂದ ಆ ಒಂದು ಗಂಟೆ ಗುಡ್ಡೆ ಶಾಂತವಾಗಿತ್ತು.

ಬೆದೆ, ಗಬ್ಬ, ಬತ್ತಿದ ದನ

ಬೇಸಿಗೆಯಲ್ಲಿ ದನ ಬೆದೆಗೆ ಬಂದದ್ದೇ ಗೊತ್ತಾಗುವುದಿಲ್ಲ. ಕೂಗುವುದಿಲ್ಲ, ಹಾರುವುದಿಲ್ಲ. ಬೆದೆಯ ಗಂಟೆಗಳು ಕಡಿಮೆಯಾಗುತ್ತವೆ, ಅದೂ ಹೆಚ್ಚಾಗಿ ರಾತ್ರಿ ತಂಪಿನಲ್ಲಿ. ಹಿಂದಿನ ಬೆದೆಯಿಂದ 21ನೇ ದಿನದ ಆಸುಪಾಸು ರಾತ್ರಿ 10ಕ್ಕೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಟಾರ್ಚು ಹಿಡಿದು ಬಾಲದ ಅಡಿ ಲೋಳೆ ಇದೆಯಾ ನೋಡಿ. ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸಿಯೂ ಗಬ್ಬ ನಿಲ್ಲದಿದ್ದರೆ ದನವನ್ನು ಬಂಜೆ ಅಂತ ಮಾರಲು ಹೊರಡಬೇಡಿ. ಸೆಕೆ ತಾಗಿದ ಅಂಡಗಳು ಬೆಳೆದು ಹೊರಗೆ ಬರಲು ವಾರಗಟ್ಟಲೆ ಬೇಕು. ಮಳೆ ಹಿಡಿದು ಎರಡು ತಿಂಗಳಾದರೂ ಮೇ ತಿಂಗಳ ಪೆಟ್ಟು ಉಳಿದಿರಬಹುದು. ಚೌತಿಯವರೆಗೆ ಕಾದು ನೋಡಿ.

ಹಾಲು ಬತ್ತಿಸಿದ ಗಬ್ಬದ ದನವನ್ನು ನಾವು ಮರೆಯುವುದೇ ಜಾಸ್ತಿ. ಫ್ಯಾನಿನ ಅಡಿ ಕರೆಯುವ ದನ, ಬತ್ತಿದ್ದು ಮೂಲೆಯಲ್ಲಿ ಶೀಟಿನ ಕೆಳಗೆ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಆ ಎರಡು ತಿಂಗಳಲ್ಲೇ ಕೆಚ್ಚಲಿನಲ್ಲಿ ಮುಂದಿನ ಹಾಲಿನ ಗೂಡುಗಳು ಕಟ್ಟುವುದು, ಹೊಟ್ಟೆಯ ಕರು ತೂಕ ಹಿಡಿಯುವುದು. ಫ್ಲೋರಿಡಾ ವಿಶ್ವವಿದ್ಯಾಲಯದವರು ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ಬತ್ತಿದ ಕಾಲದಲ್ಲಿ ಸೆಕೆ ತಿಂದ ದನ ಮುಂದಿನ ಕರಾವಿನಲ್ಲಿ ಕಡಿಮೆ ಹಾಲು ಕೊಟ್ಟಿತು. ಅದರ ಹೊಟ್ಟೆಯಲ್ಲಿದ್ದ ಹೆಣ್ಣು ಕರು ಕೂಡ ದೊಡ್ಡದಾದ ಮೇಲೆ ಕಡಿಮೆ ಕೊಟ್ಟಿತು. ಹುಟ್ಟುವ ಮೊದಲೇ ತಾಗಿದ ಸೆಕೆ ಅದು.

ಕಪಿಲೆ ಜೂನ್ ಎರಡನೇ ವಾರ ಕರು ಹಾಕಬೇಕು. ಈ ವರ್ಷ ಅವಳನ್ನು ಹಗಲು ಸುರಂಗದ ಬಾಯಿಯ ಹತ್ತಿರದ ಹಲಸಿನ ಮರದ ಅಡಿ ಕಟ್ಟುತ್ತಿದ್ದೇವೆ. ಸುರಂಗದಿಂದ ತಣ್ಣನೆಯ ಗಾಳಿ ಸಣ್ಣಗೆ ಬರುತ್ತದೆ. ಕಟ್ಟುವ ಮೊದಲು ಮನೆಯವರು ಮರ ಹತ್ತಿ ಬೆಳೆದ ಹಲಸು ಎಲ್ಲ ಇಳಿಸಿದರು, ಹಣ್ಣು ಬಿದ್ದು ಅವಳು ಹೊಟ್ಟೆ ತುಂಬಾ ತಿಂದರೆ ಹುಳಿಯಾಗಿ ಉಬ್ಬರ ಬರುತ್ತದೆ. ಇವತ್ತು 2 ಗಂಟೆಗೆ ಎಣಿಸಿದೆ. 38. ಮಲಗಿ ಮೆಲುಕು ಹಾಕುತ್ತಿದ್ದಳು.